ಹೊಗಳುಭಟ್ಟನ ಮನೆಯ ಪಾಸ್ತೆ

ಹೆರ್ಮಿಲಾಗೆ ಬೇಕಾಗಿದ್ದದ್ದು ಒಂದೇ ಒಂದು ನಿಜವಾದ ಅಭಿಪ್ರಾಯ. ಅದು ಭಾನುವಾರ ಮಧ್ಯಾಹ್ನ ಹನ್ನೆರಡು ಗಂಟೆಯೊಳಗೆ ಬೇಕಿತ್ತು.

ಸಾಂತಾ ಆಲ್ಬಾದ ಮಾರುಕಟ್ಟೆಯಲ್ಲಿ ಹದಿನೇಳನೇ ಮಳಿಗೆ ಎಲ್ಲರೂ ಗೌರವದಿಂದ ದೋನ್ಯಾ ಎನ್ನುತ್ತಿದ್ದ ತ್ರಾನ್ಸಿತೊ ಅವರದು. ಎಪ್ಪತ್ತನಾಲ್ಕು ವರ್ಷದ ಆಕೆ ಅಲ್ಲಿ ಮೂವತ್ತು ವರ್ಷ ಬ್ರೆಡ್ಡು ಬೇಯಿಸಿ ಮಾರಿದ್ದರು. ಈಗ ಮಂಡಿಗಳು ಒಪ್ಪುತ್ತಿರಲಿಲ್ಲ. ಮಳಿಗೆ ಬಿಡುತ್ತೇನೆ, ದೊಡ್ಡ ಗ್ಯಾಸ್ ಒಲೆಯನ್ನು ಅಲ್ಲೇ ಬಿಟ್ಟು ಹೋಗುತ್ತೇನೆ ಎಂದು ಮೊದಲು ಹೇಳಿದ್ದು ಹೆರ್ಮಿಲಾಗೆ. ಮೊಬೈಲ್ ಕವರ್ ಮಾರುವವನೊಬ್ಬ ಅದೇ ಜಾಗಕ್ಕೆ ಕಾದಿದ್ದ.

"ಭಾನುವಾರ ಹನ್ನೆರಡರ ತನಕ ನಿಂಗೋಸ್ಕರ ಕಾಯ್ತೀನಿ ಕಣಮ್ಮ. ಹನ್ನೆರಡೂ ಐದಕ್ಕೆ ಅವನಿಗೆ ಹೂಂ ಅಂದುಬಿಡ್ತೀನಿ. ಆಮೇಲೆ ನನ್ನ ಬೈಕೋಬೇಡ" ಎಂದಿದ್ದರು ತ್ರಾನ್ಸಿತೊ.

ಹೆರ್ಮಿಲಾಗೆ ಐವತ್ತೆಂಟು ವರ್ಷ. ಹತ್ತೊಂಬತ್ತು ವರ್ಷಗಳಿಂದ ಊರಿನ ಪ್ರೌಢಶಾಲೆಯ ಊಟದ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಸೋಮವಾರ ಅಲ್ಲಿ ಮುಂದಿನ ವರ್ಷದ ಕೆಲಸಕ್ಕೆ ಸಹಿ ಹಾಕಬೇಕಿತ್ತು. ಎರಡನ್ನೂ ಮಾಡಲು ಸಾಧ್ಯವಿರಲಿಲ್ಲ. ಶಾಲೆಯ ಕೆಲಸ ಒಮ್ಮೆ ಬಿಟ್ಟರೆ ಮತ್ತೆ ಸಿಗುವ ಹಾಗೂ ಇರಲಿಲ್ಲ. ಆ ಜಾಗಕ್ಕೆ ಅರ್ಜಿ ಕೊಟ್ಟ ಮೂವರು ಹೆಂಗಸರ ಹೆಸರು ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲಿತ್ತು.

ಮಳಿಗೆಯಲ್ಲಿ ಅವಳು ಮಾರಬೇಕೆಂದುಕೊಂಡಿದ್ದದ್ದು ಪಾಸ್ತೆ. ಪಾಸ್ತೆಯನ್ನು ಕರ್ಜಿಕಾಯಿಯ ದೊಡ್ಡಣ್ಣ ಎನ್ನಬಹುದು. ಮೈದಾ ಹಿಟ್ಟಿನ ಹಾಳೆಯೊಳಗೆ ಆಲೂಗಡ್ಡೆ, ಮಾಂಸ ತುಂಬಿ, ಅರ್ಧಚಂದ್ರದಂತೆ ಮಡಿಸಿ, ಅಂಚನ್ನು ಜಡೆಯಂತೆ ಹೆಣೆದು, ಬ್ರೆಡ್ಡಿನಂತೆ ಬಾಗಿಲೊಲೆಯ ಒಳಗಿಟ್ಟು ಬೇಯಿಸುತ್ತಾರೆ. ಇದಾಲ್ಗೊ ರಾಜ್ಯದ ಈ ಬೆಟ್ಟದ ಊರುಗಳಲ್ಲಿ ಬೆಳ್ಳಿ ಗಣಿ ನಡೆಯುತ್ತಿದ್ದಾಗ ಅದು ಗಣಿಯವರ ಬುತ್ತಿ. ಕೈಯೆಲ್ಲ ಅದಿರಿನ ಮಣ್ಣು ಮೆತ್ತಿರುತ್ತಿದ್ದ ಕಾರಣ ಅವರು ಜಡೆಯಂಚನ್ನು ಹಿಡಿದು ಉಳಿದದ್ದನ್ನು ತಿಂದು, ಅಂಚನ್ನು ಎಸೆಯುತ್ತಿದ್ದರು ಎನ್ನುತ್ತಾರೆ. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಎಲ್ಲರೂ ಅಂಚನ್ನೂ ತಿನ್ನುತ್ತಾರೆ. ಕೆಲವು ಹಳೆಯ ಗಣಿ ಮನೆತನಗಳಲ್ಲಿ ಮಾತ್ರ ಹಿರಿಯರ ನೆನಪಿಗೆಂದು ಅಂಚು ಬಿಡುವ ಪದ್ಧತಿ ಉಳಿದಿದೆ. ಹೆರ್ಮಿಲಾಳ ಗಂಡ ಅಂಚು ಬಿಡುತ್ತಿದ್ದ.

ತನ್ನ ಪಾಸ್ತೆ ಮಾರಾಟಕ್ಕೆ ಯೋಗ್ಯವೇ ಎಂಬುದಷ್ಟೇ ಅವಳ ಪ್ರಶ್ನೆ. ಮೂವತ್ತಾರು ವರ್ಷಗಳಿಂದ ಅದನ್ನು ತಿಂದವನನ್ನು ಕೇಳುವುದು ಸಹಜ. ಆದರೆ ಆ ಗಂಡ ಎಲೆಉತೇರಿಯೊ ಆಂಹೆಲೆಸ್. ಊರಿಗೆಲ್ಲ ಆತ ದೋನ್ ತೆಯೊ, ಅಂದರೆ ತೆಯೊ ರಾಯರು.

ತೆಯೊ ಪುರಸಭೆಯ ಜನನ ಮರಣ ನೋಂದಣಿ ಕಚೇರಿಯ ಗುಮಾಸ್ತ. ಸಂಬಳ ಬರುತ್ತಿದ್ದದ್ದು ಆ ಕೆಲಸಕ್ಕೆ, ಹೆಸರು ಬಂದದ್ದು ಇನ್ನೊಂದಕ್ಕೆ. ಊರಿನಲ್ಲಿ ರಸ್ತೆ ಉದ್ಘಾಟನೆಯಾಗಲಿ, ಧ್ವಜವಂದನೆಯಾಗಲಿ, ಹುಡುಗಿಯರಿಗೆ ಮದುವೆಯಷ್ಟೇ ಅದ್ದೂರಿಯಾಗಿ ಮಾಡುವ ಹದಿನೈದನೇ ಹುಟ್ಟುಹಬ್ಬವಾಗಲಿ, ಮೈಕಿನ ಮುಂದೆ ನಿಂತು ನಿರೂಪಣೆ ಮಾಡುತ್ತಿದ್ದವನು ಅವನೇ. ವೇದಿಕೆಯಲ್ಲಿ ಕೂತ ಒಬ್ಬೊಬ್ಬರನ್ನೂ ಹೆಸರು, ಬಿರುದು, ಹುದ್ದೆ ಸಮೇತ ಕ್ರಮ ತಪ್ಪದಂತೆ ಕರೆಯಬೇಕು. ಒಬ್ಬರ ಹೆಸರು ಬಿಟ್ಟುಹೋದರೆ ಎರಡು ಕುಟುಂಬಗಳು ಮೂರು ವರ್ಷ ಮಾತು ಬಿಡುವ ಊರದು. ಮೂವತ್ತೊಂದು ವರ್ಷಗಳಲ್ಲಿ ತೆಯೊ ಒಂದು ಹೆಸರನ್ನೂ ಬಿಟ್ಟಿರಲಿಲ್ಲ. ನಾಲ್ಕು ಪಕ್ಷಗಳ ಹತ್ತು ಪುರಸಭಾಧ್ಯಕ್ಷರನ್ನು ಹೊಗಳಿದ್ದ. ಅವರಲ್ಲಿ ಇಬ್ಬರ ಮೇಲೆ ಆಮೇಲೆ ಮೊಕದ್ದಮೆ ನಡೆಯಿತು. ಆ ಇಬ್ಬರನ್ನೂ ಆತ 'ಕಳಂಕರಹಿತ' ಎಂದೇ ಕರೆದಿದ್ದ.

ಸಾಂತಾ ಆಲ್ಬಾದ ಜನರ ಬಾಯಲ್ಲಿ ಇಂಥವರಿಗೆ ಹೆಸರುಗಳು ಬಹಳ. ಗಡ್ಡ ಬೋಳಿಸುವವನು, ಅಟ್ಟೆ ನೆಕ್ಕುವವನು, ಕಾಲೊರಸು, ಪೆಟ್ಟಿಗೆ ಹೊರುವವನು. ನಮ್ಮ ಹೊಗಳುಭಟ್ಟ, ಬಾಲಬಡುಕರ ದಾಯಾದಿಗಳೇ ಎಲ್ಲ. ಈ ಹೆಸರುಗಳಲ್ಲಿ ಒಂದಲ್ಲ ಒಂದನ್ನು ತೆಯೊ ದಿನಕ್ಕೆ ಒಮ್ಮೆಯಾದರೂ ಕೇಳುತ್ತಿದ್ದ. ಬೇಸರಿಸಿಕೊಳ್ಳುತ್ತಿರಲಿಲ್ಲ.

ಮನೆಯಲ್ಲೂ ಅವನದು ಅದೇ ಭಾಷೆ. ಬೆಳಗಿನ ಕಾಫಿ 'ಅನುಪಮ'. ಮಧ್ಯಾಹ್ನದ ಸೂಪು 'ಚಿರಸ್ಮರಣೀಯ'. ಒಮ್ಮೆ ಹೆರ್ಮಿಲಾ ಮರೆತು ಉಪ್ಪೇ ಹಾಕದ ಅನ್ನ ಬಡಿಸಿದಾಗ 'ಸಂಯಮದ ರುಚಿ' ಎಂದಿದ್ದ. ಅಂಥವನ ಮಾತನ್ನು ನಂಬಿ ಕೆಲಸ ಬಿಡುವುದು ಹೇಗೆ?

ಮಂಗಳವಾರ ಅವಳು ಹನ್ನೆರಡು ಪಾಸ್ತೆ ಮಾಡಿ ಪುರಸಭೆಗೆ ಕಳಿಸಿದಳು. "ಕಚೇರಿಯವರು ಏನಂತಾರೆ ಅಂತ ಕೇಳ್ಕೊಂಡು ಬಾ. ನೀನು ಬಾಯಿ ಬಿಡಬೇಡ" ಎಂದು ಗಂಡನಿಗೆ ಹೇಳಿದ್ದಳು.

ತೆಯೊ ಸಂಜೆ ಖಾಲಿ ಬುಟ್ಟಿಯ ಜೊತೆ ಬಂದ.

"ಏನಂದ್ರು?"

"ಕಾರ್ಯದರ್ಶಿ ಅಂತೂ ಕಣ್ಣು ಮುಚ್ಕೊಂಡು ತಿಂದ್ಲು. ಅವಳ ಅಜ್ಜಿ ನೆನಪಾದ್ಳಂತೆ."

"ಅವಳ ಅಜ್ಜಿ ಇನ್ನೂ ಬದುಕಿದಾರಲ್ಲ, ತೆಯೊ. ನಿನ್ನೆ ಬಸ್ಸಲ್ಲಿ ಸಿಕ್ಕಿದ್ರು."

"ನೆನಪಾಗೋಕೆ ಸಾಯಲೇಬೇಕು ಅಂತ ಇದೆಯಾ? ಖಜಾನೆಯವನು ಇಂಥದ್ದು ರಾಜಧಾನೀಲೂ ಸಿಗಲ್ಲ ಅಂದ. ಅಧ್ಯಕ್ಷರು ಒಂದು ಕಾಗದದಲ್ಲಿ ಸುತ್ತಿಸಿಕೊಂಡು ಮನೆಗೆ ತಗೊಂಡು ಹೋದ್ರು."

"ತಿಂದ್ರಾ, ತಗೊಂಡು ಹೋದ್ರಾ?"

"ತಗೊಂಡು ಹೋದ್ರು."

ಬುಟ್ಟಿಯಲ್ಲಿ ಮಡಿಸಿಟ್ಟ ಕಾಗದದ ಕರವಸ್ತ್ರವೊಂದಿತ್ತು. ಬಿಡಿಸಿದರೆ ಹನ್ನೊಂದು ಜಡೆಯಂಚುಗಳು. ಎಲ್ಲವೂ ಒಂದರ ಪಕ್ಕ ಒಂದು ಒಪ್ಪವಾಗಿದ್ದವು.

"ಇದೇನು, ಎಲ್ರೂ ಬಿಟ್ಟಿದಾರೆ?"

"ನಾನು ಗಣಿಯವರ ಪದ್ಧತಿ ಹೇಳ್ದೆ. ಎಲ್ರೂ ಗೌರವದಿಂದ ಬಿಟ್ರು" ಎಂದ ತೆಯೊ.

ಹೆರ್ಮಿಲಾಗೆ ಇದರಿಂದ ಏನೂ ತಿಳಿಯಲಿಲ್ಲ. ಆ ಊರಿನಲ್ಲಿ ಕೊಟ್ಟದ್ದನ್ನು ಬೇಡ ಎನ್ನುವವರಿಲ್ಲ, ಚೆನ್ನಾಗಿಲ್ಲ ಎನ್ನುವವರಂತೂ ಇಲ್ಲವೇ ಇಲ್ಲ. ಒಬ್ಬರನ್ನು ಬಿಟ್ಟು.

ಆ ಒಬ್ಬರು ಅವಳ ಅಕ್ಕ ಸೆನಾಯ್ದಾ. ಎದುರು ಮನೆಯಲ್ಲಿದ್ದ ಅರವತ್ತಾರರ ವಿಧವೆ. ಬುಧವಾರ ಮಧ್ಯಾಹ್ನ ಹೆರ್ಮಿಲಾ ಆಕೆಯನ್ನು ಕರೆಸಿ ಒಂದು ಪಾಸ್ತೆ ಬಡಿಸಿದಳು.

"ಉಪ್ಪು ಜಾಸ್ತಿ" ಎಂದಳು ಸೆನಾಯ್ದಾ.

"ಮಾಂಸದಲ್ಲೋ, ಹಿಟ್ಟಲ್ಲೋ ಅಕ್ಕ?"

"ಎಲ್ಲದರಲ್ಲೂ. ಬಿಸಿ ಕಮ್ಮಿ. ಈ ತಟ್ಟೆ ಯಾರು ತೊಳೆದಿದ್ದು? ಕುರ್ಚಿ ಅಲ್ಲಾಡುತ್ತೆ. ನಿಮ್ಮನೆ ಕಿಟಕಿಯಿಂದ ಗಾಳಿ ಬರುತ್ತೆ, ನನ್ನ ಕುತ್ತಿಗೆ ಹಿಡ್ಕೊಳ್ಳುತ್ತೆ."

"ಪಾಸ್ತೆ ವಿಷಯ ಹೇಳು."

"ಹೇಳಿದ್ನಲ್ಲ. ಅಮ್ಮ ಮಾಡ್ತಿದ್ದ ಹಾಗಿಲ್ಲ. ಅಮ್ಮ ಮಾಡಿದ್ದೂ ನಂಗೆ ಹಿಡಿಸ್ತಿರ್ಲಿಲ್ಲ."

ಅಷ್ಟರಲ್ಲಿ ತೆಯೊ ಊಟಕ್ಕೆ ಬಂದ. ಟೋಪಿ ತೆಗೆದು, "ನಮ್ಮ ಬಡಮನೆಗೆ ಬೆಳಕಾಗಿ ಬಂದ ಅತ್ತಿಗೆಯವರಿಗೆ ನಮಸ್ಕಾರ" ಎಂದ.

"ಬಂದ ನೋಡಮ್ಮ, ಗಡ್ಡ ಬೋಳಿಸೋನು."

"ಅತ್ತಿಗೆ, ಮಾತನ್ನ ಅಳತೆ ನೋಡಿ ಬಳಸಬೇಕು" ಎನ್ನುತ್ತಾ ತೆಯೊ ಕೂತ. "ಗಡ್ಡ ಬೋಳಿಸೋನು ಅಂದ್ರೆ ಏನೋ ಗಿಟ್ಟಿಸಿಕೊಳ್ಳೋಕೆ ಹೊಗಳೋನು. ಅಟ್ಟೆ ನೆಕ್ಕೋನು ಹೆದರ್ಕೊಂಡು ಹೊಗಳೋನು. ಪೆಟ್ಟಿಗೆ ಹೊರೋನು ದೊಡ್ಡವರ ಜೊತೆ ಫೋಟೋದಲ್ಲಿ ಬರಬೇಕು ಅಂತ ಹೊಗಳೋನು. ಕಾಲೊರಸು ಹೊಗಳೋದೇ ಇಲ್ಲ, ಸುಮ್ನೆ ಬಿದ್ದಿರ್ತಾನೆ. ನಾನು ಇದ್ಯಾವುದೂ ಅಲ್ಲ."

"ಮತ್ತೆ ನೀನೇನು?"

"ನಾನು ಮೈಕ್ ಹಿಡಿಯೋನು. ಅಧ್ಯಕ್ಷ ಒಳ್ಳೆಯವನಾದ್ರೂ ನನಗೆ ಅಷ್ಟೇ ಸಂಬಳ, ಕೆಟ್ಟವನಾದ್ರೂ ಅಷ್ಟೇ ಸಂಬಳ. ನನ್ನದು ಸೇವೆ."

"ಅಂದ್ರೆ ಪುಕ್ಕಟೆ ನೆಕ್ಕೋನು" ಎಂದಳು ಸೆನಾಯ್ದಾ. "ಬೇರೆಯವರಿಗಾದ್ರೂ ಏನಾದ್ರೂ ಸಿಗುತ್ತೆ."

ತೆಯೊ ಈ ಮಾತನ್ನು ಮೆಚ್ಚಿಕೊಂಡು ನಕ್ಕ. ಸೆನಾಯ್ದಾ ನಗಲಿಲ್ಲ. ಪಾಸ್ತೆಯ ಮುಕ್ಕಾಲು ಭಾಗ ತಿಂದು ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟು, ಕುತ್ತಿಗೆ ಒತ್ತಿಕೊಳ್ಳುತ್ತಾ ರಸ್ತೆ ದಾಟಿ ಹೋದಳು.

ಹೆರ್ಮಿಲಾ ತಟ್ಟೆ ತೆಗೆಯುತ್ತಾ ಯೋಚಿಸಿದಳು. ಎಲ್ಲವನ್ನೂ ಹೊಗಳುವವನೊಬ್ಬ, ಎಲ್ಲವನ್ನೂ ತೆಗಳುವವಳೊಬ್ಬಳು. ಇಬ್ಬರ ಮಾತಿನಿಂದಲೂ ಪಾಸ್ತೆಯ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಮುಂದಿರುವುದು ಮೂರು ದಿನ.

ಗುರುವಾರ ಶಾಲೆಯಲ್ಲೇ ಸಮಾರಂಭ. ಆಟದ ಅಂಗಳಕ್ಕೆ ತಗಡಿನ ಚಾವಣಿ ಹಾಕಿದ್ದರು, ಅದರ ಉದ್ಘಾಟನೆ. ಹೆರ್ಮಿಲಾ ಊಟದ ಮನೆಯ ಕಿಟಕಿಯ ಪಕ್ಕ ಆಲೂಗಡ್ಡೆ ಸುಲಿಯುತ್ತಾ ಕೂತಿದ್ದಳು. ಧ್ವನಿವರ್ಧಕ ಕಿಟಕಿಯ ನೇರಕ್ಕೇ ಇತ್ತು. ಗಂಡನ ನಿರೂಪಣೆಯನ್ನು ಅವಳು ನೂರಾರು ಸಲ ಕೇಳಿದ್ದಳು. ಮಳೆಯ ಸದ್ದನ್ನು ಕೇಳುವ ಹಾಗೆ, ಗಮನವಿಲ್ಲದೆ. ಆ ದಿನ ಬೇರೆ ಚಿಂತೆಯಿಂದ ಮನಸ್ಸು ಚುರುಕಾಗಿತ್ತು. ಕೇಳಿದಳು.

"ನಮ್ಮ ಪುರಸಭೆಯ ಘನತೆವೆತ್ತ, ದಣಿವರಿಯದ, ದೂರದೃಷ್ಟಿಯ, ಜನಾನುರಾಗಿ, ಕ್ರಿಯಾಶೀಲ, ವಿನಯಶೀಲ, ಸಾಂತಾ ಆಲ್ಬಾದ ಹೆಮ್ಮೆಯ ಪುತ್ರ, ಇಂಜಿನಿಯರ್ ಸಾಉಲ್ ಮೊನ್‌ರಾಯ್ ಅವರು."

ಚಪ್ಪಾಳೆ. ಸಾಉಲ್ ಮೊನ್‌ರಾಯ್ ಇಂಜಿನಿಯರಿಂಗ್ ಮೂರನೇ ವರ್ಷಕ್ಕೆ ಬಿಟ್ಟವರು ಎಂಬುದು ಎಲ್ಲರಿಗೂ ಗೊತ್ತಿತ್ತು. ಕಳೆದ ಮಳೆಗಾಲದಲ್ಲಿ ಮೂರು ವಾರ ಅವರು ಊರಿನಲ್ಲೇ ಇರಲಿಲ್ಲ ಎಂಬುದೂ ಗೊತ್ತಿತ್ತು.

ಆಮೇಲೆ ಗುತ್ತಿಗೆದಾರ. ಅವನಿಗೆ ಐದು ವಿಶೇಷಣ. ಚಾವಣಿಯ ಒಂದು ಕಂಬ ಸೊಟ್ಟಗಿತ್ತು. ಶಿಕ್ಷಣ ಇಲಾಖೆಯ ಪ್ರತಿನಿಧಿಗೆ ನಾಲ್ಕು. ಮುಖ್ಯೋಪಾಧ್ಯಾಯಿನಿಗೆ ಎರಡು. ಆಕೆ ತಕ್ಕಮಟ್ಟಿಗೆ ಒಳ್ಳೆಯವರು.

ಕೊನೆಗೆ ವೇದಿಕೆಯ ತುದಿಯಲ್ಲಿ ಕೂತಿದ್ದ ಶಾಲೆಯ ಜವಾನನ ಸರದಿ. ಮೂವತ್ನಾಲ್ಕು ವರ್ಷ ಬೆಳಿಗ್ಗೆ ಆರಕ್ಕೆ ಬಂದ ಮನುಷ್ಯ. ಚಳಿಗಾಲದಲ್ಲಿ ನೀರಿನ ಕೊಳವೆ ಹೆಪ್ಪುಗಟ್ಟಿದರೆ ಬಿಸಿನೀರು ಸುರಿದು ಬಿಡಿಸುತ್ತಿದ್ದದ್ದು ಅವನೇ.

"ದೋನ್ ನಸಾರಿಯೊ" ಎಂದ ತೆಯೊ. "ಶಾಲೆಯ ಬಾಗಿಲು ತೆಗೆಯುವವರು."

ಅಷ್ಟು ಹೇಳಿ ಸುಮ್ಮನಾದ. ಅಂಗಳದ ಮಕ್ಕಳು ಒಂದು ಕ್ಷಣ ಕಾದು, ಆಮೇಲೆ ಜೋರಾಗಿ ಚಪ್ಪಾಳೆ ತಟ್ಟಿದರು.

ಹೆರ್ಮಿಲಾ ಚಾಕುವನ್ನು ಕೆಳಗಿಟ್ಟಳು. ಹನ್ನೆರಡು ವರ್ಷದ ಹಿಂದೆ ಅವಳ ತಾಯಿ ತೀರಿಕೊಂಡಾಗ ಸಮಾಧಿಯ ಬಳಿ ಮಾತಾಡಿದ್ದೂ ತೆಯೊನೇ. ಅಂದು ಅವನು ಹೇಳಿದ್ದು ಒಂದೇ ವಾಕ್ಯ: "ನಮ್ಮತ್ತೆ ಎಲ್ಲರಿಗಿಂತ ಮೊದಲು ಏಳುತ್ತಿದ್ದರು." ಆಗ ಅವಳಿಗೆ ಕೋಪ ಬಂದಿತ್ತು. ಕಂಡ ಕಂಡವರಿಗೆ ಎಂಟು ಮಾತು ಖರ್ಚು ಮಾಡುವವನು ತನ್ನ ತಾಯಿಗೆ ಇಷ್ಟೇ ಹೇಳಿದನಲ್ಲ ಎಂದು ಒಂದು ವಾರ ಮುನಿಸಿಕೊಂಡಿದ್ದಳು. ಈಗ ಅರ್ಥವಾಯಿತು. ಅವನಿಗೆ ಹೇಳಲು ಏನೂ ಇಲ್ಲದಾಗ ಮಾತು ಬೆಳೆಯುತ್ತಿತ್ತು. ಮನಸ್ಸಿಗೆ ಹಿಡಿಸಿದ್ದರ ಮುಂದೆ ಮಾತು ನಿಲ್ಲುತ್ತಿತ್ತು.

ಶುಕ್ರವಾರ ಮೂರು ಗಂಟೆಯ ಊಟಕ್ಕೆ ಅವಳು ಮೂರು ಬಗೆಯ ಪಾಸ್ತೆ ಮಾಡಿದಳು. ಏನನ್ನೂ ಕೇಳಬಾರದು, ಸುಮ್ಮನೆ ನೋಡಬೇಕು ಎಂದು ನಿಶ್ಚಯಿಸಿಕೊಂಡಿದ್ದಳು.

ಮೊದಲನೆಯದು ಮಾಂಸ ಮತ್ತು ಆಲೂಗಡ್ಡೆಯದು, ಗಣಿ ಕಾಲದ ಹಳೆಯ ಬಗೆ.

"ಆಹಾ" ಎಂದ ತೆಯೊ. "ಪರಂಪರೆಯ ಘನತೆ ಇದೆ, ನೆಲದ ಸೊಗಡಿದೆ, ಸಮತೋಲನ ಇದೆ, ತೂಕ ಇದೆ."

ನಾಲ್ಕು. ಹೆರ್ಮಿಲಾ ತಲೆಯಾಡಿಸಿ ಎರಡನೆಯದನ್ನು ಇಟ್ಟಳು. ಹಸಿರು ಮೋಲೆ ಎಂಬ, ಸೊಪ್ಪು ಮತ್ತು ಹಸಿಮೆಣಸಿನಕಾಯಿಯ ಗಟ್ಟಿ ಸಾರಿನಲ್ಲಿ ಬೇಯಿಸಿದ ಕೋಳಿಯದು. ಅವಳು ಅತಿ ಹೆಚ್ಚು ಶ್ರಮಪಟ್ಟದ್ದು ಇದಕ್ಕೇ.

"ಇದು ಸಾಹಸ. ಇದು ಹೊಸ ದಿಗಂತ. ದಿಟ್ಟ, ಸೊಗಸಾದ, ಕಲಾತ್ಮಕ, ಎಂದೂ ಮರೆಯಲಾಗದ, ಏನು ಹೇಳ್ಲಿ, ಭವ್ಯ" ಎಂದ ತೆಯೊ. ಒಂದು ಲೋಟ ನೀರು ಕುಡಿದ.

ಏಳು. ಅಧ್ಯಕ್ಷರಿಗೆ ಸಮನಾಯಿತು ಎಂದುಕೊಂಡಳು ಹೆರ್ಮಿಲಾ. ಅವಳ ಮುಖ ಸಪ್ಪಗಾಯಿತು. ಮೂರನೆಯದನ್ನು ಇಟ್ಟಳು. ಬೇಯಿಸಿದ ಕರಿ ಬೀನ್ಸ್ ಕಾಳು ಅರೆದು, ಖಾರದ ಚೊರೀಸೊ ಸಾಸೇಜು ಹುರಿದು ಬೆರೆಸಿದ್ದು. ಉಳಿದ ಬೀನ್ಸ್ ಹಾಳಾಗಬಾರದೆಂದು ಮಾಡಿದ್ದಷ್ಟೆ.

ತೆಯೊ ಒಂದು ತುತ್ತು ತಿಂದ. ಇನ್ನೊಂದು ತಿಂದ. ಕಿಟಕಿಯ ಕಡೆ ನೋಡುತ್ತಾ ಅಗಿದ. ಮುಗಿಸಿದ.

"ಇನ್ನೊಂದಿದೆಯಾ ಮುದುಕಿ?"

ಹೆರ್ಮಿಲಾ ಇನ್ನೊಂದು ಬಡಿಸಿದಳು. ಅದನ್ನೂ ಮಾತಿಲ್ಲದೆ ತಿಂದ. ತಟ್ಟೆಯ ಪಕ್ಕದಲ್ಲಿ ಈಗ ನಾಲ್ಕು ಜಡೆಯಂಚುಗಳು ಸಾಲಾಗಿದ್ದವು.

ಅವಳು ಎದುರಿಗೆ ಕೂತಳು. ಸಂತೋಷವಾಗಿತ್ತು. ಒಂದಾದರೂ ಗೆದ್ದಿತ್ತು. ಆದರೆ ಆ ಸಾಲನ್ನು ನೋಡುತ್ತಾ ನೋಡುತ್ತಾ ಬೇರೆಯದೇ ಯೋಚನೆ ಬಂತು. ಮನಸ್ಸು ತುಂಬಿ ತಿಂದವನು ಅಂಚನ್ನು ಮಾತ್ರ ಯಾಕೆ ಬಿಟ್ಟ?

"ತೆಯೊ, ಈ ಅಂಚು ಯಾಕೆ ಬಿಡ್ತೀಯ?"

"ಗೊತ್ತಲ್ಲ. ನಮ್ಮ ತಾತ ಗಣಿಯವರು."

"ನಿಮ್ಮ ತಾತನ ಮರಣದ ದಾಖಲೆ ನೀನೇ ಪ್ರತಿ ತೆಗೆಸಿ ತಂದಿದ್ದೆ, ಜಮೀನಿನ ಕಾಗದಕ್ಕೆ ಅಂತ. ಅದನ್ನ ಕಪಾಟಿನಲ್ಲಿ ಇಟ್ಟಿದ್ದು ನಾನು. ಅದರಲ್ಲಿ ವೃತ್ತಿ ಅನ್ನೋ ಕಡೆ ಏನಿದೆ?"

ತೆಯೊ ಅಂಚುಗಳ ಸಾಲನ್ನು ಬೆರಳಿನಿಂದ ನೇರ ಮಾಡಿದ.

"ಗಣಿ ಕಚೇರಿಯ ಗುಮಾಸ್ತ ಅಂತ ಇದೆ. ಅವರ ಕೈಗೆ ಅಂಟಿದ್ರೆ ಶಾಯಿ ಅಂಟಿರಬಹುದು. ಅದಿರಿನ ಮಣ್ಣು ಎಲ್ಲಿಂದ ಬಂತು?"

ಮೂವತ್ತೊಂದು ವರ್ಷ ಯಾವ ಸಭೆಯಲ್ಲೂ ತಡವರಿಸದ ಮನುಷ್ಯ ಕರವಸ್ತ್ರವನ್ನು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ.

"ಗಟ್ಟಿ" ಎಂದ ಕೊನೆಗೆ.

"ಏನು ಗಟ್ಟಿ?"

"ಅಂಚು. ಗಟ್ಟಿ ಇರುತ್ತೆ. ಹಗ್ಗದ ಥರ."

"ಯಾವಾಗಿಂದ?"

"ಮದುವೆ ಆದ ಎರಡನೇ ವಾರದಿಂದ. ಆವತ್ತು ಮೊದಲನೇ ಸಲ ಮಾಡಿದ್ದೆ ನೀನು. ಒಲೆಗೆ ತಗುಲಿ ಕೈ ಸುಟ್ಟುಕೊಂಡಿದ್ದೆ. ಆ ಕೈಲೇ ಬಡಿಸಿದೆ. ಗಟ್ಟಿ ಅಂತ ಹೇಗೆ ಹೇಳ್ಲಿ? ಬಾಯಿಗೆ ಬಂದಿದ್ದು ಹೇಳ್ದೆ, ತಾತ ಗಣಿಯವರು ಅಂತ."

"ಆಮೇಲೆ ಹೇಳಬಹುದಿತ್ತು."

"ಮೊದಲು ಭಯ. ಆಮೇಲೆ ನಾಚಿಕೆ. ಅದಾದ ಮೇಲೆ ನಂಗೇ ನಿಜ ಅನ್ನಿಸೋಕೆ ಶುರುವಾಯ್ತು. ಹೋದ ವರ್ಷ ಗಣಿ ದಿನಾಚರಣೇಲಿ ತಾತನ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಕಣ್ಣಲ್ಲಿ ನೀರು ಬಂದಿತ್ತು."

ಹೆರ್ಮಿಲಾ ಒಂದು ಅಂಚನ್ನು ಎತ್ತಿ ಕಚ್ಚಿ ನೋಡಿದಳು. ತನ್ನ ಪಾಸ್ತೆಯ ಅಂಚನ್ನು ಅವಳೂ ಎಂದೂ ತಿಂದಿರಲಿಲ್ಲ. ಗಂಡನ ಮನೆಯ ಪದ್ಧತಿ ಎಂದು ಅವಳೂ ಬಿಡುತ್ತಿದ್ದಳು. ಅಗಿಯಲು ಬಹಳ ಹೊತ್ತು ಬೇಕಾಯಿತು.

"ಹಿಡ್ಕೊಳ್ಳೋಕೆ ನಿನಗೆ ಅನುಕೂಲ ಆಗ್ಲಿ ಅಂತ ನಾನು ವರ್ಷ ವರ್ಷ ಇದನ್ನ ದಪ್ಪ ಮಾಡ್ತಾ ಬಂದೆ" ಎಂದಳು.

"ದಪ್ಪ ಆಗ್ತಿದ್ದದ್ದು ಗೊತ್ತಾಗ್ತಿತ್ತು" ಎಂದ ತೆಯೊ.

ಅವಳಿಗೆ ನಗು ಬಂತು. ಅದರ ಹಿಂದೆಯೇ ಸಿಟ್ಟು ಬಂತು. ಪುರಸಭೆಯ ಹನ್ನೊಂದು ಜನ ಕರವಸ್ತ್ರದಲ್ಲಿ ಅಂಚು ಜೋಡಿಸಿಟ್ಟದ್ದು ಗೌರವದಿಂದಲ್ಲ, ಹಲ್ಲು ಮುರಿದೀತೆಂದು ಹೆದರಿ. ನಾಳೆ ಮಳಿಗೆ ತೆರೆದು ಅದೇ ಹಗ್ಗವನ್ನು ಊರಿಗೆಲ್ಲ ಹಂಚಿ, ಎಲ್ಲರೂ ಬಾಯ್ತುಂಬ ಹೊಗಳಿ ಮತ್ತೆ ಬಾರದೆ ಹೋಗಿದ್ದರೆ?

"ನಿನಗೆ ಗೊತ್ತಾ, ನಾನು ಹತ್ತೊಂಬತ್ತು ವರ್ಷದ ಕೆಲಸ ಬಿಡೋದರಲ್ಲಿದ್ದೆ."

"ಗೊತ್ತು."

"ಆದ್ರೂ ಸುಮ್ನಿದ್ದೆ."

"ಸುಮ್ನಿರ್ಲಿಲ್ಲ" ಎಂದ ತೆಯೊ ಮೆಲ್ಲಗೆ. "ಹೊಗಳ್ತಾ ಇದ್ದೆ. ಅದೇ ತಪ್ಪಾಗಿದ್ದು."

ತೆಯೊ ಎದ್ದು ಪಾತ್ರೆಗಳನ್ನು ತೊಳೆದಿಟ್ಟ. ಅವನ ಕೈ ಒಣಗುವವರೆಗೆ ಕಾದು ಹೆರ್ಮಿಲಾ ಹೇಳಿದಳು:

"ಕೂತ್ಕೋ. ಈಗ ಎಲ್ಲ ಹೇಳು. ಮೂರರದ್ದೂ."

"ಹಾಗೆ ಬಾಯಲ್ಲಿ ಹೇಳೋಕೆ ನಂಗೆ ಬರಲ್ಲ."

"ನಿನ್ನ ಕಾರ್ಡ್ ತಗೋ. ಸಭೆಗೆ ಬರ್ಕೊಳ್ಳಲ್ವಾ, ಹಾಗೆ."

ತೆಯೊ ಜೇಬಿನಿಂದ ರಟ್ಟಿನ ಬಿಳಿ ಕಾರ್ಡೊಂದನ್ನು ತೆಗೆದು, ಕನ್ನಡಕ ಹಾಕಿಕೊಂಡು ಕಾಲು ಗಂಟೆ ಬರೆದ. ಎರಡು ಸಲ ಹೊಡೆದುಹಾಕಿದ. ಆಮೇಲೆ ಅಭ್ಯಾಸಬಲದಿಂದ ಎದ್ದು ನಿಂತು ಓದಿದ.

"ಅಂಚು ದಪ್ಪ, ಒಣಗಿದೆ. ಆಲೂಗಡ್ಡೇದರಲ್ಲಿ ಮೆಣಸಿನ ಪುಡಿ ಕಮ್ಮಿ, ಆಲೂ ದೊಡ್ಡ ಹೋಳು, ನಡುವೆ ಒಂದೊಂದು ಸಲ ಬೆಂದಿರಲ್ಲ. ಕೋಳೀದು ತಳ ಒದ್ದೆ; ಸಾರು ಹಿಟ್ಟಿಗೆ ಇಳಿದು ಅಂಟಂಟು ಆಗುತ್ತೆ. ಅದು ತಟ್ಟೇಲಿ ಅನ್ನದ ಜೊತೆ ತಿನ್ನೋ ವಸ್ತು, ಪಾಸ್ತೆಗೆ ಬೇಡ. ಬೀನ್ಸಿಂದು..."

ಅಲ್ಲಿ ನಿಂತ.

"ಬೀನ್ಸಿಂದು?"

"ಏನೂ ಬರೆದಿಲ್ಲ. ತಪ್ಪು ಸಿಗ್ಲಿಲ್ಲ."

"ಇದು ಹೊಗಳಿಕೆಯಾ?"

"ಅಲ್ಲ. ಹೊಗಳಿಕೆ ಆಗಿದ್ರೆ ಇನ್ನೂ ಮಾತು ಇರ್ತಿತ್ತು."

ಹೆರ್ಮಿಲಾ ಕಾರ್ಡನ್ನು ಅವನ ಕೈಯಿಂದ ತೆಗೆದುಕೊಂಡು ಮತ್ತೊಮ್ಮೆ ಓದಿದಳು. ಗಂಡನ ಅಕ್ಷರ ದುಂಡಗಿತ್ತು. ಆ ಅಕ್ಷರದಲ್ಲಿ ಇಂಥ ಮಾತುಗಳನ್ನು ಅವಳು ಕಂಡದ್ದು ಅದೇ ಮೊದಲು. ಒಂದೊಂದೂ ಸರಿಯಾಗಿತ್ತು ಎಂಬುದು ಅಡುಗೆಯವಳಾದ ಅವಳಿಗೆ ಓದುತ್ತಿದ್ದಂತೆಯೇ ತಿಳಿಯಿತು. ಅವನ ನಾಲಿಗೆಗೆ ಎಲ್ಲವೂ ಗೊತ್ತಿತ್ತು.

"ಸೂಪಿನ ಬಗ್ಗೆಯೂ ಬರೀಲಾ?" ಎಂದು ಕೇಳಿದ ತೆಯೊ. ಅವನಿಗೆ ಹುರುಪು ಬಂದಿತ್ತು.

"ಸೂಪು ಚಿರಸ್ಮರಣೀಯ. ಅದು ಹಾಗೇ ಇರಲಿ."

ಶನಿವಾರ ಬೆಳಿಗ್ಗೆ ಹೆರ್ಮಿಲಾ ಹೊಸದಾಗಿ ಹಿಟ್ಟು ಕಲಸಿದಳು. ಅಂಚನ್ನು ತೆಳ್ಳಗೆ ಲಟ್ಟಿಸಿ, ಒಂದೇ ಸುತ್ತು ಹೆಣೆದು, ಮೇಲೆ ಹಾಲು ಸವರಿದಳು. ಆಲೂಗಡ್ಡೆಯನ್ನು ಬೆರಳುಗುರಿನಷ್ಟು ಸಣ್ಣಗೆ ಹೆಚ್ಚಿ ಮೆಣಸಿನ ಪುಡಿ ಹೆಚ್ಚಿಸಿದಳು. ಕೋಳಿಯ ಬಗೆಯನ್ನು ಕೈಬಿಟ್ಟಳು. ಅದಕ್ಕೆ ಸ್ವಲ್ಪ ಬೇಸರವಾಯಿತು. ಮಧ್ಯಾಹ್ನ ಅಕ್ಕನನ್ನು ಕರೆದಳು.

ಸೆನಾಯ್ದಾ ಬಂದು ಅದೇ ಕುರ್ಚಿಯಲ್ಲಿ ಕೂತಳು.

"ಇನ್ನೂ ಅಲ್ಲಾಡುತ್ತೆ. ಮೂರು ದಿನದಿಂದ ಒಂದು ಕುರ್ಚಿ ಸರಿಮಾಡೋಕೆ ಆಗ್ಲಿಲ್ವಾ ನಿನ್ನ ಗಂಡಂಗೆ? ಹೊಗಳಿ ಹೊಗಳಿ ಕಾಲು ಸೇರಿಸ್ಬಿಡಬಹುದಿತ್ತು."

"ತಿನ್ನು ಅಕ್ಕ."

ಸೆನಾಯ್ದಾ ಆಲೂಗಡ್ಡೆಯದನ್ನು ತಿನ್ನುತ್ತಾ ಪಕ್ಕದ ಮನೆಯ ನಾಯಿಯನ್ನು ಬೈದಳು. ಬೀನ್ಸಿನದನ್ನು ತಿನ್ನುತ್ತಾ ಪಾದ್ರಿಯ ಪ್ರವಚನವನ್ನು ಬೈದಳು. ಮಂಜು, ಬಸ್ಸಿನ ಸಮಯ, ಔಷಧಿ ಅಂಗಡಿಯ ಹುಡುಗಿ ಎಲ್ಲರ ಸರದಿಯೂ ಬಂತು. ಪಾಸ್ತೆಯ ಸರದಿ ಬರಲಿಲ್ಲ. ತಟ್ಟೆಯಲ್ಲಿ ಒಂದು ಚೂರೂ ಉಳಿಯಲಿಲ್ಲ.

"ಪಾಸ್ತೆ ಹೇಗಿದೆ?" ಎಂದಳು ಹೆರ್ಮಿಲಾ.

ಸೆನಾಯ್ದಾ ಖಾಲಿ ತಟ್ಟೆಯನ್ನು ನೋಡಿದಳು.

"ಎರಡೇ ಮಾಡಿದ್ಯಾ? ಯಾವಾಗ್ಲೂ ಜಿಪುಣಿ ನೀನು" ಎಂದಳು.

ಭಾನುವಾರ ಹೆರ್ಮಿಲಾ ಮಾರುಕಟ್ಟೆ ತಲುಪಿದಾಗ ಹನ್ನೊಂದೂ ಇಪ್ಪತ್ತು. ತೆಯೊ ಹಿಂದೆಯೇ ಬಂದಿದ್ದ. ಮೊಬೈಲ್ ಕವರಿನವನು ಹದಿನೇಳನೇ ಮಳಿಗೆಯ ಎದುರು, ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದ. ತ್ರಾನ್ಸಿತೊ ತಮ್ಮ ಕೊನೆಯ ಬ್ರೆಡ್ಡುಗಳನ್ನು ಮಾರಿ ಮುಗಿಸಿ ಕಾಲು ಚಾಚಿ ಕೂತಿದ್ದರು.

"ತಗೋತೀನಿ" ಎಂದಳು ಹೆರ್ಮಿಲಾ.

ಕವರಿನವನು ಎದ್ದು, ಸ್ಟೂಲನ್ನು ಎತ್ತಿಕೊಂಡು, "ಒಳ್ಳೇದಾಗ್ಲಿ ಅಮ್ಮ. ನಿಮ್ಮ ಪಾಸ್ತೆ ಊರಿಗೇ ಹೆಸರುವಾಸಿ ಅಂತ ಕೇಳಿದೀನಿ" ಎಂದ. ಅವನು ಅವಳ ಪಾಸ್ತೆಯನ್ನು ಎಂದೂ ತಿಂದಿರಲಿಲ್ಲ.

"ಮುಂದಿನ ವಾರ ಬಂದು ತಿಂದು ನೋಡು. ಆಮೇಲೆ ಹೇಳು" ಎಂದಳು ಹೆರ್ಮಿಲಾ.

ತೆಯೊ ಗಂಟಲು ಸರಿಪಡಿಸಿಕೊಂಡ. "ಮಾರುಕಟ್ಟೆಯ ಮೈಕಲ್ಲಿ ಒಂದು ಮಾತು ಘೋಷಣೆ ಮಾಡ್ಲಾ? 'ಸಾಂತಾ ಆಲ್ಬಾದ ಕೀರ್ತಿಕಿರೀಟ' ಅಂತ ಶುರು ಮಾಡಿ..."

"ಹದಿನೇಳನೇ ಮಳಿಗೆ, ಆಲೂ, ಬೀನ್ಸ್, ಮುಂದಿನ ಸೋಮವಾರದಿಂದ. ಅಷ್ಟೇ ಹೇಳು."

"ಅಷ್ಟೇ ಹೇಳಿದ್ರೆ ನಾನು ತುಂಬ ಮೆಚ್ಕೊಂಡಿದೀನಿ ಅಂತ ಜನಕ್ಕೆ ಗೊತ್ತಾಗುತ್ತೆ."

"ಗೊತ್ತಾಗ್ಲಿ ಬಿಡು."

ತೆಯೊ ಮೈಕಿನ ಕೋಣೆಯ ಕಡೆ ಹೋದ. ಹೆರ್ಮಿಲಾ ಮಳಿಗೆಯೊಳಗೆ ಕಾಲಿ‌ಟ್ಟಳು. ತ್ರಾನ್ಸಿತೊ ಕಷ್ಟಪಟ್ಟು ಎದ್ದು ಒಲೆಯ ಬಾಗಿಲು ತೆರೆದರು.

"ನೋಡಮ್ಮ, ಈಗ ಜಾಗ ನಿಂದು, ಇದ್ದದ್ದು ಹೇಳ್ಬಿಡ್ತೀನಿ. ಈ ಒಲೆ ಎಡಗಡೆ ಸುಡುತ್ತೆ, ಹಿಂದುಗಡೆ ಬಿಸಿನೇ ಏರಲ್ಲ. ಮೂವತ್ತು ವರ್ಷ ಯಾರಿಗೂ ಹೇಳಿಲ್ಲ. ಮಳೆ ಜೋರಾದ್ರೆ ಈ ಮೂಲೇಲಿ ಸೋರುತ್ತೆ, ಬಕೆಟ್ ಇಟ್ಟಿದೀನಿ. ಮಂಗಳವಾರ ಒಂದು ನರಪಿಳ್ಳೇನೂ ಬರಲ್ಲ. ಪಕ್ಕದ ಮೀನಿನವಳು ಮಾತಾಡಿಸಿದ್ರೆ ಬಿಡಲ್ಲ, ತಲೆ ಎತ್ತಿ ನೋಡಬೇಡ."

ಒಂದೊಂದು ದೋಷ ಕೇಳುತ್ತಾ ಹೋದಂತೆ ಹೆರ್ಮಿಲಾಳ ಮನಸ್ಸು ಹಗುರವಾಯಿತು. ಇಂಥ ಮಾತುಗಳ ಮೇಲಾದರೆ ಕಾಲೂರಿ ನಿಲ್ಲಬಹುದು.

"ಇನ್ನೇನಾದ್ರೂ ಇದೆಯಾ?" ಎಂದು ಕೇಳಿದಳು.

"ಇದೆ. ಕೂತ್ಕೋ, ಹೇಳ್ತೀನಿ" ಎಂದರು ತ್ರಾನ್ಸಿತೊ.